ಹಿಂದೆ ಸರಿದ ಸ್ಟೂಲು

ಕುಂದಾಪುರದ ಗೇರುಬೀಜ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಕಲಿಸಲು ಹೋದ ಹೊಸತರಲ್ಲಿ ನನ್ನ ಸ್ಟೂಲು ಅವಳ ಸ್ಟೂಲಿಗೆ ತಾಗಿಕೊಂಡೇ ಇರುತ್ತಿತ್ತು. ಯಡ್ತರೆಯ ಹೆಂಗಸು. ಮಾತು ಬರುವುದಿಲ್ಲ, ಎಡಗೈ ಏಳುವುದಿಲ್ಲ. ಇವಳಿಂದ ಏನೂ ಆಗದು ಎಂದು ಮನೆಯವರೇ ಕೈಬಿಟ್ಟಿದ್ದರು. ಇಡೀ ಬೀಜ ಒಂದು ಬುಟ್ಟಿಗೆ, ತುಂಡು ಇನ್ನೊಂದಕ್ಕೆ ಹಾಕಬೇಕು. ಅನುಮಾನ ಬಂದರೆ ಬೆರಳಿನಿಂದ ಮೇಜು ಕುಟ್ಟುತ್ತಿದ್ದಳು. ನಾನು ಬೀಜ ನೋಡಿ ತಲೆಯಾಡಿಸುತ್ತಿದ್ದೆ.

ಅಂಗವೈಕಲ್ಯ ಇರುವವರನ್ನು ಕೆಲಸಕ್ಕೆ ಸೇರಿಸಿ ಕಲಿಸುವ ನಮ್ಮಂಥವರಿಗೆ ಒಂದು ನಿಯಮವಿದೆ. ಅವರು ಕಲಿತಂತೆಲ್ಲ ನಾವು ದೂರ ಸರಿಯಬೇಕು. ನನ್ನ ಸ್ಟೂಲು ಮೊದಲು ಕಂಬದ ಹತ್ತಿರ ಹೋಯಿತು, ಆಮೇಲೆ ಬಾಗಿಲ ಬಳಿಗೆ. ಕೊನೆಗೆ ನಾನು ಹೋಗುವುದೇ ನಿಂತಿತು. ಈ ನಿಯಮ ಮಾಡಿದವರು ಯಾರ ಪಕ್ಕದಲ್ಲೂ ಅಷ್ಟು ಕಾಲ ಕೂತಿರಲಿಕ್ಕಿಲ್ಲ!

ಈಗ ಬ್ರಹ್ಮಾವರದಲ್ಲಿ ಇನ್ನೊಬ್ಬರಿಗೆ ಕಲಿಸುತ್ತಿದ್ದೇನೆ. ಹೋಟೆಲಿನಲ್ಲಿ ಯಾರಾದರೂ ಮೇಜು ಕುಟ್ಟಿದರೂ ತಿರುಗಿ ನೋಡುತ್ತೇನೆ. ಹೋದ ವಾರ ತಡೆಯಲಾರದೆ ಕಾರ್ಖಾನೆಗೆ ಹೋದೆ. ನನ್ನನ್ನು ಕಂಡು ಅವಳು ಬಾಯಿತುಂಬ ನಕ್ಕಳು, ಮತ್ತೆ ಬೀಜಕ್ಕೆ ಬಗ್ಗಿದಳು. ನಾನು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಮೇಜು ಕುಟ್ಟಿದ ಸದ್ದು ಕೇಳಿತು. ಎದ್ದೇಬಿಟ್ಟೆ.

ಅವಳ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು, "ನೀವ್ ಕೂಕಣಿ ಅಕ್ಕ, ನಾ ಕಾಂತೆ" ಎಂದು ನನ್ನನ್ನು ಕೂರಿಸಿ, ಬೀಜ ನೋಡಿ ತಲೆಯಾಡಿಸಿದಳು.

ಮೇಜು ಕುಟ್ಟಿದವಳು ನನ್ನ ಕಡೆ ತಿರುಗಲೂ ಇಲ್ಲ. ತಿರುಗದಿರಲು ಕಲಿಸಿದವಳು ನಾನೇ.