ಬ್ಯಾರನ್ ಒಲೆಯ ಮುಂದೆ ಯೇಸುಸ್ವಾಮಿ

ನಮ್ಮ ಯಜಮಾನರು ತೀರಿಕೊಂಡ ಮೇಲೆ ನನಗೆ ಪ್ರಾರ್ಥನೆ ಕೈಕೊಟ್ಟಿತು. ಜಪಸರ ಹಿಡಿಯುತ್ತಿದ್ದೆ, ತುಟಿ ಅಲ್ಲಾಡುತ್ತಿತ್ತು, ಒಳಗೆ ಮಾತ್ರ ಬರೀ ಸಿಟ್ಟು. ಕಣ್ಣಲ್ಲಿ ಒಂದು ಹನಿ ನೀರೂ ಇಲ್ಲ. ಹೀಗೇ ಬಿಟ್ಟರೆ ನಾನು ಕಲ್ಲಾಗಿ ಹೋಗುತ್ತೇನೆಂದು ಸೊಸೆ ಹೆದರಿದಳು. ಬೆಟ್ಟದಪುರದಲ್ಲಿ ಬಸ್ಸು ಹತ್ತಿಸಿ ಹುಣಸೂರಿನ ಧ್ಯಾನಕೂಟಕ್ಕೆ ಕರೆತಂದಳು. ದಾರಿಯುದ್ದಕ್ಕೂ ಗೊಣಗಿದೆ. ಶುಂಠಿ ಕೀಳುವುದು ಬಿಟ್ಟು ಇಲ್ಲಿ ಕಣ್ಣು ಮುಚ್ಚಿ ಕೂರಬೇಕಂತೆ!

ಧ್ಯಾನ ನಡೆಸುತ್ತಿದ್ದವರು ಕೇರಳದ ಕಡೆಯ ಸಿಸ್ಟರ್ ಒಬ್ಬರು, ಮನಃಶಾಸ್ತ್ರ ಓದಿದವರು. ಅವರ ಪ್ರಾರ್ಥನೆಯ ಕ್ರಮವೇ ಬೇರೆ. ಬೈಬಲಿನ ಶುಭಸಂದೇಶದ ಒಂದು ಘಟನೆ ಓದುತ್ತಾರೆ. ನಾವು ಕಣ್ಣು ಮುಚ್ಚಿ ಅದರೊಳಗೆ ಹೋಗಿ ಕೂರಬೇಕು, ಸುತ್ತ ನೋಡಬೇಕು, ವಾಸನೆ ಹಿಡಿಯಬೇಕು. ಏನು ಕಂಡರೂ ಓಡಿಸಬೇಡಿ, ಮನಸ್ಸಿನ ತಳದಲ್ಲಿ ಹೂತಿಟ್ಟದ್ದು ಮಾತಾಗಿ ಬರುವುದಿಲ್ಲ, ಚಿತ್ರವಾಗಿ ಬರುತ್ತದೆ ಎಂದರು. ಅವತ್ತು ಓದಿದ್ದು, ಸಾವಿನಿಂದ ಎದ್ದುಬಂದ ಯೇಸುಸ್ವಾಮಿ ನೀರಿನ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ಶಿಷ್ಯರನ್ನು ಊಟಕ್ಕೆ ಕರೆದದ್ದು.

ನನಗೆ ದಡವೂ ಕಾಣಲಿಲ್ಲ, ಮೀನೂ ಕಾಣಲಿಲ್ಲ. ಬೆಂಕಿ ಎಂದ ಕೂಡಲೇ ಕಂಡದ್ದು ನಮ್ಮ ಬ್ಯಾರನ್ನು, ಹೊಗೆಸೊಪ್ಪನ್ನು ಕಾವಿನಲ್ಲಿ ಬೇಯಿಸಿ ಒಣಗಿಸುವ ಮನೆ. ಅದರ ಒಲೆಯ ಮುಂದೆ, ನಮ್ಮವರು ಕೂರುತ್ತಿದ್ದ ಗೋಣಿಚೀಲದ ಮೇಲೆ ಯೇಸುಸ್ವಾಮಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬಿಳಿ ನಿಲುವಂಗಿಗೆಲ್ಲ ಮಸಿ. ಸೊಪ್ಪು ಇನ್ನೂ ಹಳದಿಗೆ ತಿರುಗುವ ಹೊತ್ತು, ಬೆಂಕಿ ಸಣ್ಣಗಿರಬೇಕು. ಈ ಪುಣ್ಯಾತ್ಮರು ಸೌದೆಯ ಮೇಲೆ ಸೌದೆ ತುರುಕುತ್ತಿದ್ದಾರೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

“ಅಷ್ಟೊಂದು ಸೌದೆ ತುರುಕ್ಬ್ಯಾಡಿ ಕಣ್ರೀ, ಸೊಪ್ಪು ಆಳಾಯ್ತದೆ!”

ಗಟ್ಟಿಯಾಗಿಯೇ ಕೂಗಿಬಿಟ್ಟಿದ್ದೆ. ಕೂತಿದ್ದವರೆಲ್ಲ ಕಣ್ಣು ಬಿಟ್ಟರು. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮಾನ ಹೋಯಿತು ಎಂದುಕೊಂಡು ಸಿಸ್ಟರ್ ಬಳಿ ಹೋದರೆ ಅವರು ನಗಲಿಲ್ಲ. ಈ ಮಾತನ್ನು ಮೊದಲೆಲ್ಲ ಯಾರಿಗೆ ಹೇಳುತ್ತಿದ್ದಿರಿ ಎಂದು ಕೇಳಿದರು. ಇನ್ಯಾರಿಗೆ, ನಮ್ಮವರಿಗೆ. ಅವರು ಹೋದ ದಿನ ಏನಾಯಿತು ಎಂದು ಕೇಳಿದರು.

ಅವರು ಹೋದ ದಿನ ಬ್ಯಾರನ್ನಿನಲ್ಲಿ ಸೊಪ್ಪು ಇತ್ತು. ಒಮ್ಮೆ ಹಚ್ಚಿದ ಬೆಂಕಿಯನ್ನು ನಡುವೆ ಆರಿಸುವಂತಿಲ್ಲ, ಯಾರು ಸತ್ತರೂ ಅಷ್ಟೇ. ಆರಿತೋ, ಒಳಗಿನ ಸೊಪ್ಪೆಲ್ಲ ಕೆಟ್ಟುಹೋಗುತ್ತದೆ. ಮಗ ಬಂದವರನ್ನು ನೋಡಿಕೊಳ್ಳುತ್ತಿದ್ದ. ಮಣ್ಣು ಮಾಡಿ ಬಂದವಳು ಉಟ್ಟ ಸೀರೆಯಲ್ಲೇ ಒಲೆಯ ಮುಂದೆ ಕೂತೆ. ನಾಲ್ಕೈದು ದಿನ ಬೆಂಕಿ ಕಾದು, ಸೊಪ್ಪು ಒಣಗಿಸಿ ಇಳಿಸುವಷ್ಟರಲ್ಲಿ ನೆಂಟರೆಲ್ಲ ಹೊರಟುಹೋಗಿದ್ದರು, ನನ್ನ ಅಳುವೂ ಎಲ್ಲೋ ಹೊರಟುಹೋಗಿತ್ತು. ಇದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ, ಕೇಳಿದವರೂ ಇರಲಿಲ್ಲ. ಸಿಸ್ಟರ್, ನಾಳೆಯೂ ಅಲ್ಲಿಗೇ ಹೋಗಿ, ಬೈದು ಮುಗಿದ ಮೇಲೆ ಸ್ವಾಮಿ ಏನು ಹೇಳುತ್ತಾರೋ ಕೇಳಿಸಿಕೊಳ್ಳಿ ಎಂದರು.

ಮಾರನೆಯ ಬೆಳಿಗ್ಗೆ ಕಣ್ಣು ಮುಚ್ಚಿದರೆ ಯೇಸುಸ್ವಾಮಿ ಅಲ್ಲೇ ಇದ್ದರು. ಸಿಟ್ಟನ್ನೆಲ್ಲ ಕಕ್ಕಿದೆ. ಸೊಪ್ಪು ಇಳಿಸುವ ತನಕವಾದರೂ ನಮ್ಮವರನ್ನು ಉಳಿಸಬಾರದಿತ್ತೇ ಎಂದೂ ಕೇಳಿದೆ. ಅವರು ನನ್ನ ಕೈಯಲ್ಲಿದ್ದ ಸೌದೆ ತೆಗೆದುಕೊಂಡು, ನಮ್ಮೂರಿನ ಮಾತಿನಲ್ಲೇ ಅಂದರು:

“ಬೆಂಕಿ ನಾನ್ ನೋಡ್ಕತೀನಿ ಕಣವ್ವ. ನೀ ಓಗಿ ಅತ್ತು ಬಾ.”

ಅತ್ತುಬಿಟ್ಟೆ. ಊಟದ ಗಂಟೆ ಹೊಡೆಯುವ ತನಕ ಸೊಸೆಯ ಹೆಗಲ ಮೇಲೆ ಬಿದ್ದು ಅತ್ತೇ ಅತ್ತೆ. ಅವಳೂ ಅತ್ತಳು.

ಆಮೇಲೆ ಅನುಮಾನ ಬಂತು. ಆ ಮಾತು ಯೇಸುಸ್ವಾಮಿಯದೋ, ನಮ್ಮವರದೋ, ನನ್ನ ಮನಸ್ಸೇ ಕಟ್ಟಿದ್ದೋ? ಸಿಸ್ಟರನ್ನು ಕೇಳಿದೆ. ಇಷ್ಟು ದಿನ ಆ ಮಾತನ್ನು ನಿಮಗೆ ನೀವೇ ಹೇಳಿಕೊಳ್ಳಲು ಆಗಿತ್ತೇ ಎಂದು ಅವರು ತಿರುಗಿ ಕೇಳಿದರು. ಆಗಿರಲಿಲ್ಲ. ನನಗೆ ಅಷ್ಟು ಸಾಕಾಯಿತು.

ಈ ಸಲವೂ ಬ್ಯಾರನ್ನು ಹಚ್ಚಿದ್ದೇವೆ. ಜಪಸರ ಹಿಡಿದು ಒಲೆಯ ಮುಂದೆ ಕೂರುತ್ತೇನೆ, ಪಕ್ಕದಲ್ಲಿ ಇನ್ನೊಂದು ಗೋಣಿಚೀಲ ಹಾಸಿರುತ್ತೇನೆ. ಸೊಸೆಯನ್ನು, ಆ ಸಿಸ್ಟರನ್ನು, ನನ್ನ ಕೈಲಿ ಬೈಸಿಕೊಂಡೂ ಎದ್ದು ಹೋಗದ ಸ್ವಾಮಿಯನ್ನು ನೆನೆದು ದಿನಾ ಕೈಮುಗಿಯುತ್ತೇನೆ. ಸೌದೆ ಹಾಕುವುದು ಮಾತ್ರ ನಾನೇ. ಅಳು ಬಂದರೆ ಎದ್ದು ಹೋಗಿ ಅತ್ತು ಬರುತ್ತೇನೆ. ಬೆಂಕಿ ಇದುವರೆಗೆ ಒಮ್ಮೆಯೂ ಆರಿಲ್ಲ.