ಕಾಕಿಯ ಕಾಲಿನ ಸುಕ್ಕು

ಕಾಸಿದ ಹಾಲು ಆರಿ, ಮೇಲಿನ ಕೆನೆ ಸುಕ್ಕುಗಟ್ಟಿದೆ. ಅದನ್ನು ಕಂಡರೆ ನನಗೆ ಕಾಕಿಯ ಕಾಲು ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ಕಾಕಿ ಎಂದರೆ ನಮ್ಮ ಚಿಕ್ಕಪ್ಪನ ಹೆಂಡತಿ. ಬಸವಕಲ್ಯಾಣದ ಪೇಟೆಯಲ್ಲಿ ಒಂದು ಬದನೆಕಾಯಿ ಮುರಿದು ನೋಡದೆ ಉಳಿದವನ್ನು ಚೀಲಕ್ಕೆ ಹಾಕಿದವಳಲ್ಲ. ಹಾಲಿನವನನ್ನೂ ನಂಬಳು, ಗೋಡೆಯ ಗಡಿಯಾರವನ್ನೂ ನಂಬಳು. ಎರಡು ವರ್ಷದ ಹಿಂದೆ ಹುಮನಾಬಾದಿನಲ್ಲಿ ಬಸ್ಸಿನಿಂದ ಇಳಿಯುವಾಗ ಹೆಜ್ಜೆ ತಪ್ಪಿತು. ಕಾಲು ಒಂದು ದಿಕ್ಕು, ಪಾದ ಒಂದು ದಿಕ್ಕು. ಕಣಕಾಲಿನ ಎಲುಬು ಎರಡೂ ಬದಿಗೆ ಮುರಿದಿತ್ತು. ಅಲ್ಲಿನ ಡಾಕ್ಟರು ಕೀಲನ್ನು ಎಳೆದು ನೆಟ್ಟಗೆ ಮಾಡಿ, ಪಟ್ಟಿ ಕಟ್ಟಿ, ಕಾಲನ್ನು ದಿಂಬಿನ ಮೇಲೇರಿಸಿ ಸುಮ್ಮನಾದರು. ಆಪರೇಷನ್ ಇವತ್ತಲ್ಲ, ನಾಳೆಯೂ ಅಲ್ಲ. ದಿನಾ ಬಂದು ಪಟ್ಟಿ ಸರಿಸಿ ನೋಡುವರು, ತಲೆಯಾಡಿಸಿ ಹೋಗುವರು. ಇವರಿಗೆ ಆಪರೇಷನ್ ಬರುತ್ತದೋ ಇಲ್ಲವೋ! ಕಾಕಿ ಇನ್ನು ನಡೆಯುವಳೋ ಇಲ್ಲವೋ ಎಂಬ ಚಿಂತೆಯಲ್ಲಿ ಒಂದು ದಿನ ಡಾಕ್ಟರನ್ನು ತಡೆದು ನಿಲ್ಲಿಸಿದೆ.

“ಏನ್ ನೋಡಾಕತ್ತೀರಿ ಡಾಕ್ಟರ್ ಸಾಬ್?” ಎಂದೆ.

“ಸುಕ್ಕು ನೋಡಾಕತ್ತೇನ್ರಿ.”

ಅವರು ಹೋದ ಮೇಲೆ ಕಾಕಿ ಪಿಸುಗುಟ್ಟಿದಳು: “ಸುಕ್ಕು ಬೇಕಂದ್ರ ನನ್ನ ಮಾರಿ ನೋಡಬೇಕಿತ್ತು. ಕಾಲ್ಯಾಕ ನೋಡ್ತಾನ? ಇದರಾಗ ಏನೋ ಗಡಬಡ್ ಅದ.”

ಆ ಸಂಜೆ ದುಬಲಗುಂಡಿಯಿಂದ ಕಾಕಿಯ ತಮ್ಮ ಎಲುಬು ಕಟ್ಟುವವನನ್ನೇ ಕರೆತಂದ. ಊರಿಗೆ ಒಯ್ದು, ಎಣ್ಣೆ ತಿಕ್ಕಿ, ಬಿದಿರಿನ ದಬ್ಬೆ ಬಿಗಿಯುವುದಂತೆ. ಆಟೋ ಹೊರಗೆ ನಿಂತಿತ್ತು. ನಾನು ಚೀಲ ಕಟ್ಟಿಯೇಬಿಟ್ಟೆ. ಕಾಕಿ ಮಾತ್ರ ಅವನನ್ನೂ ಬದನೆಕಾಯಿ ನೋಡಿದಂತೆ ನೋಡಿ ಎಕ್ಸ್-ರೇ ಮುಂದೆ ಹಿಡಿದಳು. “ಮುರದದ್ದೆಲ್ಲಿ, ತೋರಸು.”

“ಫೋಟೋ ಯಾಕ್ರಿ ಅಕ್ಕೋರ, ನನ್ನ ಕೈಗಿ ಗೊತ್ತಾಗ್ತದ.”

“ನಿನ್ನ ಕೈಗಿ ಗೊತ್ತಾಗೋತನ ನನ್ನ ಕಾಲ ಇರ್ತದೋ ಇಲ್ಲೋ!” ಎಂದವಳೇ ಡಾಕ್ಟರರನ್ನು ಕರೆಸಿದಳು. “ಸುಕ್ಕಂದ್ರೇನು? ಖರೇ ಹೇಳ್ರಿ.”

“ಅವ್ವಾ, ಬಾವು ಇದ್ದಾಗ ಚರ್ಮ ಬಿಗದಿರ್ತದ. ಈಗ ಕೊಯ್ದರ ಹೊಲಿಗಿ ಕೂಡಂಗಿಲ್ಲ, ಕೀವಾಗ್ತದ. ಬಿಗದು ಕಟ್ಟಿದ್ರಂತೂ ಕಾಲೇ ಹೋಗಬಹುದು. ಬಾವು ಇಳದು ಸುಕ್ಕು ಬರಲಿ, ಆಪರೇಷನ್ ಮಾಡಿ ಎಲುಬಿಗಿ ಪ್ಲೇಟ್ ಹಾಕ್ತೇನಿ.”

ನಾನು ಕಟ್ಟಿದ ಚೀಲವನ್ನು ಮೆಲ್ಲಗೆ ಮಂಚದ ಕೆಳಗೆ ತಳ್ಳಿದೆ. ಆಟೋ ಖಾಲಿ ಹೋಯಿತು. ಹಾಗಂತ ಕಾಕಿ ಡಾಕ್ಟರನ್ನು ನಂಬಿದಳೆನ್ನಬೇಡಿ. ಕನ್ನಡಿ ತರಿಸಿಕೊಂಡು ತಾನೇ ಕಾಲು ನೋಡತೊಡಗಿದಳು. ಒಂದು ಮುಂಜಾನೆ ವಾರ್ಡೆಲ್ಲ ಎದ್ದು ಕೂರುವಂತೆ ಕೂಗಿದಳು: “ಬಂದ್ವು! ಸುಕ್ಕು ಬಂದ್ವು!” ಸುಕ್ಕು ಬಂದದ್ದಕ್ಕೆ ಅಷ್ಟು ಹಿಗ್ಗಿದ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಆಮೇಲೆ ಆಪರೇಷನ್ನೂ ಆಯಿತು.

ಹಾಲು ಆರಿದೆಯೆಂದು ಈಗ ಕೂಗಿದೆ. ಕಾಕಿ ಮೆಟ್ಟಿಲ ಮೇಲೆ ಬಂದು ನಿಂತಳು. ನಾನು ಓಡಿಹೋಗಿ ಕೈ ಚಾಚಿದೆ. ಅವಳು ನನ್ನ ಕೈಯನ್ನು ಅನುಮಾನದಿಂದ ನೋಡಿ, ಮುರಿದಿದ್ದ ಆ ಕಾಲನ್ನೇ ಮೊದಲು ಕೆಳಗಿಟ್ಟಳು.

“ಕೈ ಹಿಂದ ತೊಗೊ. ನನ್ನ ಕಾಲಿನ ಮ್ಯಾಲೆ ನನಗ ಭರೋಸಾ ಅದ.”

ಕಾಕಿಯ ಬಾಯಲ್ಲಿ ಭರೋಸಾ ಎಂಬ ಮಾತು ಕೇಳಿದ್ದು ಇದೇ ಮೊದಲು. ನನ್ನ ಕಣ್ಣು ತುಂಬಿತು. ಹಾಲನ್ನು ಮಾತ್ರ ಮೂಸಿ ನೋಡಿಯೇ ಕುಡಿದಳು.