ಮೊರದ ಅಂಚು

ಪುರಿ ಭಟ್ಟಿಯ ಅಕ್ಕನ ಬಲಗೈ ಹೆಬ್ಬೆರಳಿನಲ್ಲಿ ಒಂದು ಕರಿ ಗುಳಿ ಇತ್ತು. ಮೂಟೆ ಹೊಲಿಯುವ ದಬ್ಬಳ ಒತ್ತಿ ಒತ್ತಿ ಆದದ್ದು. ಜಯನಗರದ ಅಂಚಿನಲ್ಲಿದ್ದ ಅವರ ಭಟ್ಟಿಯಿಂದ ಹನುಮಂತನಗರದ ಅಂಗಡಿಗಳಿಗೆ ಸೈಕಲ್ಲಿನಲ್ಲಿ ಪುರಿ ಮೂಟೆ ಹಾಕುವುದು ನನ್ನ ಕೆಲಸ. ಎಪ್ಪತ್ತರ ದಶಕದ ಮಾತು.

ಪುರಿ ತಾನೇ, ಅದೇನು ಭಾರ ಎಂದು ಎಲ್ಲರೂ ನಗುತ್ತಿದ್ದರು. ಹಗುರವೆಂದೇ ನಾನು ಎರಡು ದೊಡ್ಡ ಮೂಟೆಗಳನ್ನು ಕ್ಯಾರಿಯರ್ ಮೇಲೆ ಅಡ್ಡಡ್ಡ ಕಟ್ಟುತ್ತಿದ್ದೆ. ಆಷಾಢದ ಗಾಳಿ ಎದುರಾದರೆ ಗೋಡೆ ತಳ್ಳಿಕೊಂಡು ಹೋದ ಹಾಗೆ. ಏರಿನುದ್ದಕ್ಕೂ ಇಳಿದು ನೂಕಬೇಕು. ಮನೆಗೆ ಬಂದರೆ ತುತ್ತು ಎತ್ತಲೂ ಕೈ ಬರುತ್ತಿರಲಿಲ್ಲ, ಹೆಂಡತಿಯೇ ಕಲಸಿ ಕೊಡುತ್ತಿದ್ದಳು. ಅವಳಿಗೆ ಆಗ ತುಂಬಿದ ತಿಂಗಳು. ಒಂದು ದಿನ ಗಾಳಿ ಸೈಕಲ್ಲನ್ನೇ ಕೆಡವಿತು. ಮೂಟೆ ಬಿರಿದು ರಸ್ತೆಯೆಲ್ಲ ಬೆಳ್ಳಗಾಯಿತು. ಹರಿದ ಚೀಲ ಹಿಡಿದು ಭಟ್ಟಿಗೆ ವಾಪಸು ಬಂದೆ.

"ನನ್ ಕೈಲಾಗಲ್ಲ ಅಕ್ಕ. ನಾಳೆಯಿಂದ ಬರಲ್ಲ."

ಅಕ್ಕ ಬೈಯಲಿಲ್ಲ. ಗೋಡೆಗೆ ಒರಗಿಸಿದ್ದ ಮೊರ ಕೊಟ್ಟು, ಅಗಲ ಮುಂದೆ ಮಾಡಿ ಬೀಸು ಎಂದರು. ಬೀಸಿದೆ, ಗಾಳಿ ಕೈಯನ್ನು ತಡೆಯಿತು. ಈಗ ಅಂಚು ಮುಂದೆ ಮಾಡು ಎಂದರು. ಸುಯ್ಯೆಂದು ಹೋಯಿತು.

"ಮೊರ ಅದೇ ಕಣೋ, ತೂಕಾನೂ ಅದೇ. ನಿನ್ನ ಸುಸ್ತು ಮಾಡ್ತಿರೋದು ಪುರಿ ಅಲ್ಲ, ನೀನು ಕಟ್ಟೋ ರೀತಿ."

ಅಂದೇ ಕೂತು ಚೀಲಗಳನ್ನು ಬಿಚ್ಚಿ, ನನ್ನ ಬೆನ್ನಿಗಿಂತ ಅಗಲವಾಗದ ಹಾಗೆ, ಉದ್ದಕ್ಕೆ, ಹಿಂದೆ ಹೋಗುತ್ತಾ ಸಣ್ಣಗಾಗುವಂತೆ ಹೊಲಿದರು. ಸಡಿಲ ಬಾಯಿಯನ್ನು ಒಳಗೆ ಮಡಿಸಿ, ಮೇಲೆ ತಮ್ಮ ಹಳೇ ಸೀರೆ ಬಿಗಿದರು. "ಪಟಪಟ ಅನ್ನೋದೆಲ್ಲ ನಿನ್ ಕಾಲಿನ ಶಕ್ತೀನೇ ತಿನ್ನುತ್ತೆ" ಎಂದರು.

ಮಾರನೆಯ ದಿನ ಗಾಳಿಯೂ ಅಷ್ಟೇ, ಏರೂ ಅಷ್ಟೇ. ಇಳಿಯದೆ ಹತ್ತಿದೆ ಎಂದರೆ ಸುಳ್ಳಾಗುತ್ತದೆ. ಗುಡ್ಡದ ದೇವಸ್ಥಾನದ ಹತ್ತಿರ ಒಂದು ಸಲ ಇಳಿದೆ. ಆದರೆ ಅಂದು ನನ್ನ ಕೈಯಿಂದಲೇ ಕಲಸಿ ಉಂಡೆ. ಆ ವಾರ ಮಗಳು ಹುಟ್ಟಿದಾಗ ಎತ್ತಿಕೊಳ್ಳಲು ತೋಳಿನಲ್ಲಿ ಬಲ ಉಳಿದಿತ್ತು.

ಆ ಮಗಳ ಮಗಳು ಮೊನ್ನೆ ಗಾಳಿಯ ತಡೆ ಎಂಬ ಪಾಠ ಓದುತ್ತಿದ್ದಳು. ಮೊರ ಕೊಟ್ಟು ಬೀಸಿಸಿದೆ.

"ತಾತ, ಇದೇ ನಮ್ ಪಾಠ. ನಿಮ್ಗೆ ಯಾವ ಮೇಷ್ಟ್ರು ಹೇಳ್ಕೊಟ್ರು?"

ನಾಲ್ಕನೇ ಕ್ಲಾಸು ದಾಟದ ನನಗೆ ಸಂತೋಷ ಉಕ್ಕಿತು. "ಪುರಿ ಭಟ್ಟಿಯ ಅಕ್ಕ" ಎಂದೆ.

ನನ್ನ ಆ ಮೇಷ್ಟ್ರನ್ನು ನಾವು ಚಟ್ಟದ ಮೇಲೆ ಹೊತ್ತದ್ದು ಎಂಬತ್ತರ ದಶಕದ ಒಂದು ಆಷಾಢದಲ್ಲಿ. ಮುಂದಿನ ಹೆಗಲು ನನ್ನದು. ಹೊದಿಸಿದ ಬಟ್ಟೆಯ ಅಂಚು ಗಾಳಿಗೆ ಪಟಪಟ ಬಡಿಯುತ್ತಿತ್ತು. ಒಂದು ಗಳಿಗೆ ಇಳಿಸಿ ಎಂದೆ. ಅಂಚು ಒಳಗೆ ಮಡಿಸಿ, ಹಗ್ಗ ಬಿಗಿದು, ಮತ್ತೆ ಹೆಗಲು ಕೊಟ್ಟೆ.